ಖಾತ್ರಿಯಾಗುವ ತನಕ

ಮಗುವಿನ ಮೇಲೆ ಕೈಮಾಡಿದವನು ಸಾಮಾನ್ಯವಾಗಿ ಒಬ್ಬನಿರುತ್ತಾನೆ. ಅದನ್ನು ಕಂಡೂ ಸುಮ್ಮನಿದ್ದವರು ಒಂದು ಓಣಿ ತುಂಬುವಷ್ಟು ಮಂದಿ ಇರುತ್ತಾರೆ. ಮೊದಲನೆಯವನ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ, ಗಲ್ಲಿಗೇರಿಸಿರೆಂದು ಮೆರವಣಿಗೆ ತೆಗೆದಿದ್ದೇವೆ. ಎರಡನೆಯವರ ಮಾತು ಎತ್ತಿದರೆ ಮಾತ್ರ ಕೂತವರೆಲ್ಲ ಎದ್ದು ತಮ್ಮ ಚಪ್ಪಲಿ ಹುಡುಕತೊಡಗುತ್ತಾರೆ. ನಾನು ಬರೆಯುತ್ತಿರುವುದು ಅವರ ಬಗ್ಗೆಯೇ. ಅದರಲ್ಲಿಯೂ ಮಕ್ಕಳನ್ನು ನೋಡಿಕೊಳ್ಳಲೆಂದೇ ಸಂಬಳ ಎಣಿಸಿದ ನಮ್ಮಂಥವರ ಬಗ್ಗೆ: ಮಾಸ್ತರರು, ಅಕ್ಕೋರು, ಡಾಕ್ಟರರು, ನರ್ಸಬಾಯಿಗಳು, ವಸತಿ ನಿಲಯದ ವಾರ್ಡನ್ನರು, ಆರೋಗ್ಯ ಇಲಾಖೆಯವರು.

ನಾನು ಆರೋಗ್ಯ ಸಹಾಯಕನಾಗಿ ಹುಕ್ಕೇರಿ, ಗೋಕಾಕ ಮತ್ತು ಈಗ ಬೇರೆ ತಾಲೂಕಾಗಿರುವ ಮೂಡಲಗಿಯ ಹಳ್ಳಿಗಳನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ತಿರುಗಿದವನು. ಮೊದಲು ಸೈಕಲ್ ಮೇಲೆ, ಆಮೇಲೆ ಲೂನಾದ ಮೇಲೆ. ಈಗ ನಿವೃತ್ತನಾಗಿ ಯಮಕನಮರಡಿಯಲ್ಲಿದ್ದೇನೆ. ಬೆಳಗಾವಿಯಿಂದ ಕೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಪಕ್ಕದ ಊರು ನಮ್ಮದು. ಇಲ್ಲಿ ಯಾರ ಮನೆಯ ಎಮ್ಮೆ ಎಷ್ಟು ಹಾಲು ಕೊಟ್ಟಿತೆಂಬುದು ಸಂಜೆಯೊಳಗೆ ಗುಡಿಯ ಕಟ್ಟೆಗೆ ಗೊತ್ತಾಗುತ್ತದೆ. ಇಂಥ ಊರುಗಳಲ್ಲಿ ಒಂದು ಮಗುವಿಗೆ ಆಗುವ ಅನ್ಯಾಯ ಯಾರಿಗೂ ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಗೊತ್ತಿರುತ್ತದೆ. ಆದರೆ ಕಾಗದದ ಮೇಲೆ ಯಾರಿಗೂ ಗೊತ್ತಿರುವುದಿಲ್ಲ.

ಕಾಯಿದೆ ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ಪೋಕ್ಸೊ ಎಂದು ಎಲ್ಲರೂ ಕರೆಯುವ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯಿದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. ಅದರ 19ನೆಯ ಕಲಮಿನ ಪ್ರಕಾರ, ಇಂಥ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕ ಉಳ್ಳವರು, ಯಾರೇ ಆಗಲಿ, ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೋ ಸ್ಥಳೀಯ ಠಾಣೆಗೋ ತಿಳಿಸಲೇಬೇಕು. ಪೊಲೀಸರು ಅದನ್ನು ಬರೆದುಕೊಂಡು, ನಂಬರು ಹಾಕಿ, ತಿಳಿಸಿದವರಿಗೆ ಓದಿ ಹೇಳಬೇಕು. 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ನ್ಯಾಯಾಲಯಕ್ಕೂ ವರದಿ ಮುಟ್ಟಿಸಬೇಕು. ತಿಳಿಸದೆ ಇದ್ದವರಿಗೆ 21ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಸಂಸ್ಥೆಯ ಮುಖ್ಯಸ್ಥನೊಬ್ಬ ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ ಅವನಿಗೆ ಒಂದು ವರ್ಷದವರೆಗೆ ಸೆರೆಯ ಜೊತೆಗೆ ದಂಡ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ದಾವೆ ಹೂಡುವಂತಿಲ್ಲ.

ಇಷ್ಟು ಸ್ಪಷ್ಟವಾಗಿರುವ ಕಾಯಿದೆಯ ಮುಂದೆ ನಮ್ಮವರು ಒಂದೇ ಒಂದು ಶಬ್ದವನ್ನು ಅಡ್ಡ ಹಿಡಿದು ನಿಂತಿದ್ದಾರೆ. ಆ ಶಬ್ದ 'ಖಾತ್ರಿ'. "ಸಂಶೇ ಇತ್ತರೀ, ಖಾತ್ರಿ ಇರಲಿಲ್ಲ. ಖಾತ್ರಿ ಇಲ್ದ ಹ್ಯಾಂಗ ಹೇಳೂದು?" ಈ ಮಾತನ್ನು ನಾನು ಹೆಡ್‌ಮಾಸ್ತರರ ಬಾಯಲ್ಲಿ ಕೇಳಿದ್ದೇನೆ, ಎರಡು ಪದವಿ ಪಡೆದ ಡಾಕ್ಟರರ ಬಾಯಲ್ಲಿ ಕೇಳಿದ್ದೇನೆ. ಕೇಳಲು ಬಹಳ ಸಭ್ಯವಾದ ಮಾತು. ಯಾರ ಮೇಲೂ ಸುಳ್ಳು ಅಪವಾದ ಬರಬಾರದೆಂಬ ಕಾಳಜಿ ಅದರಲ್ಲಿ ಕಾಣುತ್ತದೆ. ಆದರೆ ಖಾತ್ರಿ ಮಾಡಿಕೊಳ್ಳುವ ಕೆಲಸವನ್ನು ಇವರಿಗೆ ಒಪ್ಪಿಸಿದವರಾರು? ತನಿಖೆ ಮಾಡಲು ಪೊಲೀಸರಿದ್ದಾರೆ, ಪರೀಕ್ಷೆ ಮಾಡಲು ಆಸ್ಪತ್ರೆ ಇದೆ, ತೀರ್ಪು ಕೊಡಲು ನ್ಯಾಯಾಧೀಶರಿದ್ದಾರೆ. ಮಾಸ್ತರರ ಪಾಲಿಗೆ ಬಂದದ್ದು, ಮಗುವಿನ ಮೇಲೆ ಕಂಡ ಗುರುತನ್ನೂ ಕೇಳಿದ ಮಾತನ್ನೂ ಇದ್ದಂತೆ ತಿಳಿಸುವುದು, ಅಷ್ಟೆ. ಹೇಳುವುದೇ ತೀರ್ಪು ಎಂದು ತಿಳಿದುಕೊಂಡವರು ಕಡೆಗೆ ಹೇಳದೆಯೇ ಒಂದು ತೀರ್ಪು ಕೊಟ್ಟುಬಿಡುತ್ತಾರೆ. ಆ ತೀರ್ಪು ಯಾವಾಗಲೂ ಮಗುವಿನ ವಿರುದ್ಧವೇ ಇರುತ್ತದೆ.

ನನ್ನ ಇಲಾಖೆಯದೇ ಒಂದು ಉದಾಹರಣೆ ಕೊಡುತ್ತೇನೆ. 1997ರಿಂದ ನಮ್ಮ ದೇಶದಲ್ಲಿ ಪೋಲಿಯೋ ಮೇಲಿನ ಕಣ್ಗಾವಲು ಬಿಗಿಯಾಯಿತು. ಹದಿನೈದು ವರ್ಷದೊಳಗಿನ ಯಾವುದೇ ಮಗುವಿನ ಕೈಯೋ ಕಾಲೋ ಇದ್ದಕ್ಕಿದ್ದಂತೆ ಸೋತು ಜೋಲು ಬಿದ್ದರೆ ತಕ್ಷಣ ತಿಳಿಸಬೇಕೆಂದು ನಮಗೆ ಆದೇಶ. ಅದು ಪೋಲಿಯೋ ಹೌದೋ ಅಲ್ಲವೋ ಎಂದು ತೂಗುವುದು ನಮಗೆ ಬಿಟ್ಟದ್ದಲ್ಲ. ತಿಳಿಸಿದ ಮೇಲೆ 24 ತಾಸಿನ ಅಂತರದಲ್ಲಿ ಎರಡು ಸಲ ಮಲದ ಮಾದರಿ ತೆಗೆದು, ಐಸಿನ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ಹಾಗೆ ತಿಳಿಸಿದ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಪೋಲಿಯೋ ಇರುತ್ತಿರಲಿಲ್ಲ. ಅದಕ್ಕಾಗಿ ಯಾರೂ ನಮ್ಮನ್ನು ಚಾಡಿಕೋರರೆಂದು ಕರೆಯಲಿಲ್ಲ. ಸಂಶಯ ಬಂದದ್ದನ್ನೆಲ್ಲ ತಿಳಿಸಿದ್ದರಿಂದಲೇ ನಿಜವಾದದ್ದು ಒಂದೂ ತಪ್ಪಿಸಿಕೊಳ್ಳದಂತಾಯಿತು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಲದ ಹಾವಡಾ ಜಿಲ್ಲೆಯಲ್ಲಿ ಕಂಡಿತು. 2014ರ ಮಾರ್ಚ್ 27ರಂದು ನಮ್ಮ ಭಾಗವನ್ನು ಪೋಲಿಯೋಮುಕ್ತವೆಂದು ಘೋಷಿಸಿದರು. ಮಗುವಿನ ಕಾಲು ಸೋತರೆ ಸಂಶಯ ಸಾಕು, ಮಗುವೇ ಸೋತುಹೋದರೆ ಖಾತ್ರಿ ಬೇಕು. ಇದು ಎಂಥ ನ್ಯಾಯ ಸ್ವಾಮಿ?

ಕಾಯಿದೆ ಬಂದು ಎರಡು ಮೂರು ವರ್ಷವಾಗಿತ್ತು. ನಾನು ಆಗ ಇದ್ದ ಊರಿನ ಹೆಸರು ಹೇಳುವುದಿಲ್ಲ, ಆ ಹುಡುಗಿ ಈಗ ತನ್ನ ಪಾಡಿಗೆ ತಾನು ಬದುಕುತ್ತಿದ್ದಾಳೆ. ಹನ್ನೊಂದು ವರ್ಷದ ಮಗು. ಹೊಟ್ಟೆನೋವೆಂದು ತಿಂಗಳಲ್ಲಿ ಮೂರು ನಾಲ್ಕು ಸಲ ಉಪಕೇಂದ್ರಕ್ಕೆ ಬರುತ್ತಿತ್ತು. ನರ್ಸಬಾಯಿಗೆ ಸಂಶಯ. ಶಾಲೆಯಲ್ಲಿ ಆ ಮಗು ಸಂಜೆ ಗಂಟೆ ಬಾರಿಸಿದರೂ ಮನೆಗೆ ಹೋಗಲು ಒಲ್ಲೆನೆನ್ನುತ್ತಿತ್ತು, ಅಕ್ಕೋರಿಗೆ ಸಂಶಯ. ಖಾಸಗಿ ಡಾಕ್ಟರರೊಬ್ಬರು ಗುಳಿಗೆ ಕೊಟ್ಟು ಕಳಿಸಿದ್ದರು, ಅವರಿಗೂ ಸಂಶಯ. ಅಂಗನವಾಡಿಯ ಕಾರ್ಯಕರ್ತೆ ಆ ಮನೆಯ ಪಕ್ಕದಲ್ಲೇ ಇದ್ದಳು. ಒಬ್ಬೊಬ್ಬರ ಹತ್ತಿರ ಪಾವು ಪಾವು ಸಂಶಯವಿತ್ತು. ನಾಲ್ಕು ಪಾವು ಕೂಡಿದರೆ ಒಂದು ಸೇರು ಆಗುತ್ತದೆಂಬ ಲೆಕ್ಕ ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ಆದರೆ ನಾಲ್ವರೂ ತಮ್ಮ ತಮ್ಮ ಪಾವನ್ನು ಉಡಿಯಲ್ಲಿ ಕಟ್ಟಿಕೊಂಡು ಸೇರು ತುಂಬುವ ತನಕ ಕಾಯುತ್ತಿದ್ದರು.

ನರ್ಸಬಾಯಿ ನನ್ನ ಮುಂದೆ ಹೇಳಿದ ದಿನವೇ ನಾನು ಒಂದು ಹಾಳೆಯ ಮೇಲೆ ಕಂಡದ್ದನ್ನಷ್ಟೇ ಬರೆದು, ಸಹಿ ಮಾಡಿ, ಠಾಣೆಗೆ ಕೊಟ್ಟು ನಂಬರು ಕೇಳಿ ಬರೆದುಕೊಂಡೆ. ಮೂರನೆಯ ದಿನ ಊರ ಹಿರಿಯರು ಐದು ಮಂದಿ ನನ್ನ ಬಾಡಿಗೆ ಮನೆಗೆ ಬಂದರು. ಚಹಾ ಕುಡಿದರು. "ಸಾಹೇಬರ, ನೀವು ನೌಕರಿ ಮಾಡಾಕ ಬಂದವರು. ಊರ ಉಸಾಬರಿ ನಿಮಗ್ಯಾಕ? ನಾವು ಕುಂತು ಬಗಿಹರಸ್ತೀವಿ. ಹುಡುಗಿ ಹೆಸರ ಕೆಡತೈತಿ" ಎಂದರು. ಬಗೆಹರಿಸುವುದೆಂದರೆ ಏನೆಂದು ಕೇಳಿದೆ. ಬಾಂಡ್ ಪೇಪರಿನ ಮೇಲೆ ಬರೆಸಿ, ಇಷ್ಟು ರೂಪಾಯಿ ಕೊಡಿಸುವುದು. ಮಗು ಮತ್ತೆ ಎಲ್ಲಿರಬೇಕು ಎಂದೆ. "ತನ್ನ ಮನ್ಯಾಗ" ಎಂದರು. ಆ ಮಗು ಸಂಜೆಯಾದರೆ ಹೋಗಲು ಒಲ್ಲೆನೆನ್ನುತ್ತಿದ್ದದ್ದು ಅದೇ ಮನೆಗೆ! ನಾಲ್ಕು ತಿಂಗಳಲ್ಲಿ ನನಗೆ ವರ್ಗಾವಣೆಯ ಆದೇಶ ಬಂತು. ಅದೇನೂ ದೊಡ್ಡ ಮಾತಲ್ಲ, ಟ್ರಂಕು ಹೊತ್ತು ತಿರುಗುವುದು ನಮ್ಮ ನೌಕರಿಯ ರೂಢಿ. ಮಗುವನ್ನು ಕಲ್ಯಾಣ ಸಮಿತಿಯವರು ಬೇರೆಡೆ ಇರಿಸಿದರು. ಅದು ಶಾಲೆ ಮುಗಿಸಿತು. ಹೆಸರೂ ಕೆಡಲಿಲ್ಲ.

ಹೆಸರು ಕೆಡುವ ಮಾತು ಬಂತಲ್ಲ, ಅದನ್ನೂ ನೋಡಿಬಿಡೋಣ. ಈ ಕಾಯಿದೆಯಲ್ಲಿ ಮಗುವಿನ ಹೆಸರು, ಫೋಟೋ, ವಿಳಾಸ, ಶಾಲೆ ಯಾವುದನ್ನೂ ಪತ್ರಿಕೆಯವರು ಬರೆಯುವಂತಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಸ್ಥಳದಲ್ಲೋ ಬರೆದುಕೊಳ್ಳಬೇಕು. ಬರೆದುಕೊಳ್ಳುವ ಅಧಿಕಾರಿ ಸಾಧ್ಯವಿದ್ದಷ್ಟು ಮಟ್ಟಿಗೆ ಮಹಿಳೆಯಾಗಿರಬೇಕು, ಸಮವಸ್ತ್ರದಲ್ಲಿರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೆಸರು ಕೆಡಿಸುವುದು ಕಾಯಿದೆಯಲ್ಲ, ಕಟ್ಟೆಯ ಮೇಲೆ ಕೂತ ಬಾಯಿಗಳು. ಆ ಬಾಯಿಗಳೇ ಬಂದು 'ಹೆಸರು ಕೆಡತೈತಿ' ಎಂದು ಬುದ್ಧಿ ಹೇಳುವುದು ನಮ್ಮ ನಾಡಿನ ದೊಡ್ಡ ತಮಾಷೆ.

ಇದು ನಮ್ಮ ಕಡೆಯ ರೋಗವಷ್ಟೇ ಎಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕೆಯಲ್ಲಿ 1962ರಲ್ಲಿ ಹೆನ್ರಿ ಕೆಂಪ್ ಎಂಬ ಮಕ್ಕಳ ಡಾಕ್ಟರರು ತಮ್ಮ ಜೊತೆಗಾರರೊಡನೆ ಒಂದು ಲೇಖನ ಬರೆದರು. 71 ಆಸ್ಪತ್ರೆಗಳನ್ನು ವಿಚಾರಿಸಿದಾಗ ಒಂದು ವರ್ಷದಲ್ಲಿ 302 ಮಕ್ಕಳು ಮನೆಯವರ ಹೊಡೆತಕ್ಕೆ ಸಿಕ್ಕಿ ಬಂದಿದ್ದರು. ಅವರಲ್ಲಿ 33 ಮಕ್ಕಳು ಸತ್ತಿದ್ದರು. ಎಕ್ಸ್‌ರೇಯಲ್ಲಿ ಹಳೆಯ ಮುರಿತ, ಹೊಸ ಮುರಿತ ಎರಡೂ ಒಟ್ಟಿಗೇ ಕಾಣುತ್ತಿದ್ದರೂ ಡಾಕ್ಟರರು 'ಬಿದ್ದಿರಬೇಕು' ಎಂಬ ತಂದೆತಾಯಿಯ ಮಾತನ್ನೇ ನಂಬುತ್ತಿದ್ದರು. ಹೆತ್ತವರು ಹಾಗೆ ಮಾಡಿಯಾರೆಂದು ಒಪ್ಪಲು ಅವರ ಮನಸ್ಸೇ ಸಿದ್ಧವಿರಲಿಲ್ಲ ಎಂದು ಕೆಂಪ್ ಬರೆದರು. ಮುಂದಿನ ಐದು ವರ್ಷಗಳಲ್ಲಿ, 1967ರ ಹೊತ್ತಿಗೆ, ಅಲ್ಲಿನ ಎಲ್ಲ ರಾಜ್ಯಗಳೂ ತಿಳಿಸುವುದನ್ನು ಕಡ್ಡಾಯ ಮಾಡಿದವು. ನಮ್ಮ ದೇಶ ಅಲ್ಲಿಗೆ ಮುಟ್ಟಲು ಮತ್ತೆ 45 ವರ್ಷ ಬೇಕಾಯಿತು. ಅದೂ ಅರ್ಧ ದಾರಿ ಮಾತ್ರ.

ಕಾಯಿದೆ ಇದ್ದೂ ಬಾಯಿ ಕಟ್ಟಿಕೊಂಡರೆ ಏನಾಗುತ್ತದೆಂಬುದಕ್ಕೆ ನಮ್ಮ ಈ ಭಾಗದ ಚರಿತ್ರೆಯೇ ಸಾಕ್ಷಿ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, 1934ರಲ್ಲಿಯೇ, ದೇವದಾಸಿ ಬಿಡುವುದನ್ನು ಅಪರಾಧವೆಂದು ಕಾಯಿದೆ ಮಾಡಿದ್ದರು. ಕರ್ನಾಟಕ 1982ರಲ್ಲಿ ಮತ್ತೊಂದು ಕಾಯಿದೆ ಮಾಡಿತು. ಎರಡೂ ಕಾಯಿದೆಗಳು ಮುತ್ತು ಕಟ್ಟುವವರನ್ನೂ ಕಟ್ಟಿಸುವವರನ್ನೂ ಶಿಕ್ಷಿಸಲು ಹೊರಟವು. ಆದರೆ ಎಳೆಯ ಹುಡುಗಿಯ ಕೊರಳಲ್ಲಿ ಮುತ್ತು ಕಂಡ ಮಾಸ್ತರ ಏನು ಮಾಡಬೇಕು? ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ದಿನಾಲು ಗೈರುಹಾಜರಿ ಹಾಕುವವನು ಯಾರಿಗೆ ಹೇಳಬೇಕು? ಇಡೀ ಊರು ಉಂಡು ಬಂದ ಕಾರ್ಯಕ್ಕೆ ಒಬ್ಬ ಸಾಕ್ಷಿಯೂ ಸಿಗುತ್ತಿರಲಿಲ್ಲ. ಕಡೆಗೆ ಬಾಯಿ ಬಿಟ್ಟವರು ಯಾರು? ಸಂಬಳದವರಲ್ಲ. ಆ ಪದ್ಧತಿಗೆ ಸಿಕ್ಕು ಬಾಳು ಕಳೆದುಕೊಂಡ ತಾಯಂದಿರು 1990ರ ದಶಕದಲ್ಲಿ ಘಟಪ್ರಭೆಯ ಕಡೆ ಸಂಘ ಕಟ್ಟಿಕೊಂಡು, ಎಲ್ಲಿ ಮುತ್ತು ಕಟ್ಟುತ್ತಾರೆಂದು ಸುದ್ದಿ ತಿಳಿದು, ಹೋಗಿ ತಡೆದರು. ಅಕ್ಷರ ಬಾರದವರು ಮಾಡಿದ ಕೆಲಸವನ್ನು ಅಕ್ಷರ ಕಲಿಸುವವರು ಯಾಕೆ ಮಾಡಲಿಲ್ಲವೆಂದು ನಾವು ಒಮ್ಮೆಯಾದರೂ ಕೇಳಿಕೊಳ್ಳಬೇಕು.

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜುರಾದಲ್ಲಿ ಒಂದು ಶಾಲೆಯ ವಸತಿ ನಿಲಯ. ಅಲ್ಲಿನ ಆದಿವಾಸಿ ಹುಡುಗಿಯರ ಮೇಲೆ ಅತ್ಯಾಚಾರ ನಡೆದ ಆರೋಪ 2019ರಲ್ಲಿ ಹೊರಗೆ ಬಂತು. ಆ ನಿಲಯದ ಹುಡುಗಿಯರಿಗೆ ಚಿಕಿತ್ಸೆ ಕೊಡಲು ನೇಮಕವಾಗಿದ್ದ ಡಾಕ್ಟರರು ವಿಷಯ ತಿಳಿದೂ ಪೊಲೀಸರಿಗೆ ತಿಳಿಸಲಿಲ್ಲವೆಂದು ಅವರ ಮೇಲೂ ಮೊಕದ್ದಮೆ ದಾಖಲಾಯಿತು. ಹೈಕೋರ್ಟು ಅದನ್ನು ರದ್ದು ಮಾಡಿತು. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ಆದೇಶವನ್ನೇ ತಳ್ಳಿಹಾಕಿತು. ಬೇಗ ಮತ್ತು ಸರಿಯಾಗಿ ತಿಳಿಸುವುದರ ಮೇಲೆಯೇ ಈ ಕಾಯಿದೆಯ ಉದ್ದೇಶ ನಿಂತಿದೆ, ತಿಳಿದೂ ತಿಳಿಸದಿರುವುದು ಗಂಭೀರ ಅಪರಾಧ ಎಂಬುದು ಆ ತೀರ್ಪಿನ ಸಾರ. ಈ ತೀರ್ಪಿನ ಪ್ರತಿ ಪ್ರತಿಯೊಂದು ದವಾಖಾನೆಯ ಗೋಡೆಯ ಮೇಲೆ, ಲಸಿಕೆಯ ತಖ್ತೆಯ ಪಕ್ಕದಲ್ಲಿ ಇರಬೇಕಾಗಿತ್ತು. ನಾನು ಎಲ್ಲಿಯೂ ನೋಡಿಲ್ಲ.

ಈಗ ಎದುರುವಾದಗಳಿಗೆ ಬರೋಣ. ಅವುಗಳಲ್ಲಿ ಎರಡು ಪೊಳ್ಳಲ್ಲ.

ಮೊದಲನೆಯದು, ಪ್ರೀತಿಸಿ ಓಡಿಹೋದ ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗನ ಮಾತು. ಹದಿನೆಂಟು ತುಂಬದ ಹುಡುಗಿ ಗರ್ಭಿಣಿಯಾಗಿ ಬಂದರೆ ಡಾಕ್ಟರರು ತಿಳಿಸಲೇಬೇಕು. ಹುಡುಗ ಜೈಲಿಗೆ ಹೋಗುತ್ತಾನೆ. ಅದಕ್ಕೆ ಹೆದರಿ ಹುಡುಗಿ ದವಾಖಾನೆಗೇ ಬಾರದೆ ನಾಟಿ ಔಷಧಿ ಕೊಡುವವರ ಕೈಗೆ ಸಿಕ್ಕು ಸಾಯಬಹುದು. ಇದು ನಿಜವಾದ ಕಷ್ಟ. 2022ರ ನವೆಂಬರಿನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ ವಯಸ್ಸಿನ ಮಿತಿಯ ಬಗ್ಗೆ ಮತ್ತೆ ಯೋಚಿಸಬೇಕೆಂದು ಕಾನೂನು ಆಯೋಗಕ್ಕೆ ಹೇಳಿತು. 2023ರಲ್ಲಿ ಆಯೋಗ ವಯಸ್ಸು ಇಳಿಸುವುದು ಬೇಡವೆಂದಿತು, ಆದರೆ ಹದಿನಾರು ದಾಟಿದವರ ಪ್ರಕರಣಗಳಲ್ಲಿ ನ್ಯಾಯಾಧೀಶರ ವಿವೇಚನೆಗೆ ಜಾಗವಿರಲಿ ಎಂದಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಆಕೆಯ ಪೋಷಕರು ಕೇಳಿಕೊಂಡರೆ ಪೊಲೀಸರಿಗೆ ಕೊಡುವ ವರದಿಯಲ್ಲಿ ಡಾಕ್ಟರರು ಆಕೆಯ ಹೆಸರು ಕೊಡಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದೇ ಹೇಳಿದೆ. ಈ ವಾದ ನಡೆಯಲಿ, ಶಾಸನಸಭೆಯಲ್ಲಿ ತೀರ್ಮಾನವಾಗಲಿ. ಆದರೆ ಹದಿನೇಳರ ಪ್ರೇಮದ ಹೆಸರು ಹೇಳಿ ಎಂಟು ವರ್ಷದ ಮಗುವಿನ ಮಾತನ್ನು ನುಂಗುವವರು ವಾದ ಮಾಡುತ್ತಿಲ್ಲ, ನೆಪ ಹುಡುಕುತ್ತಿದ್ದಾರೆ. ತಾಯಿ ಕಾರ್ಡಿನಲ್ಲಿ ಹದಿನಾರರ ಹುಡುಗಿಗೆ ಹತ್ತೊಂಬತ್ತೆಂದು ಬರೆಯುವ ಕೈಗೆ ಪ್ರೇಮದ ಚಿಂತೆ ಇರುವುದಿಲ್ಲ. ಆ ಹುಡುಗಿಗೆ ಸೋದರಮಾವನ ಜೊತೆ ಮದುವೆ ಮಾಡಿಸಿದ ಮನೆಯವರ ಚಿಂತೆ ಇರುತ್ತದೆ.

ಎರಡನೆಯದು ಆಶಾ ಕಾರ್ಯಕರ್ತೆಯ ಮಾತು. ಆಕೆ ಅದೇ ಊರಿನ ಸೊಸೆ. ಆಕೆಗೆ ಸಿಗುವುದು ಗೌರವಧನ, ಸಂಬಳವೂ ಅಲ್ಲ. ಆಕೆ ಬಾಯಿ ಬಿಟ್ಟರೆ ನೀರಿನ ನಳದ ಮುಂದೆ ಜಗಳ, ಗಂಡನ ಹೊಲಕ್ಕೆ ಹೋಗುವ ದಾರಿ ಬಂದ್. ಕಾಯಿದೆ ಎಲ್ಲರಿಗೂ ಒಂದೇ ಎಂದು ಹೇಳಿ, ಊರಿನ ಅತಿ ದುರ್ಬಲ ಹೆಂಗಸಿನ ಹೆಗಲ ಮೇಲೆ ಅತಿ ಭಾರದ ಮೂಟೆ ಹೊರಿಸಿ ನಾವು ಕೈತೊಳೆದುಕೊಳ್ಳುವುದು ಹೇಡಿತನ. ಆಕೆ ಹೇಳಿದ್ದನ್ನು ವೈದ್ಯಾಧಿಕಾರಿ ತಮ್ಮ ಸಹಿಯಲ್ಲಿ, ಕಚೇರಿಯ ಮೊಹರಿನೊಂದಿಗೆ ಕಳಿಸಬೇಕು. ಅಕ್ಕೋರು ಹೇಳಿದ್ದನ್ನು ಹೆಡ್‌ಮಾಸ್ತರರು ಕಳಿಸಬೇಕು. ಅವರು ಕಳಿಸದೆ ಹೋದರೆ ಕೆಳಗಿನವರು ನೇರವಾಗಿ ಠಾಣೆಗೆ ಹೋಗಲಿ, ಆಗ ಮೊದಲು ಪ್ರಶ್ನೆ ಕೇಳಬೇಕಾದದ್ದು ಮೇಲಿನವರನ್ನು. ತಿಳಿಸಿದವರ ಹೆಸರನ್ನು ಚಹಾದಂಗಡಿಯಲ್ಲಿ ಬಾಯಿಬಿಡುವ ಪೊಲೀಸನಿಗೂ ಶಿಕ್ಷೆಯಾಗಬೇಕು. ಕಾಯಿದೆ ಮಗುವಿನ ಹೆಸರನ್ನು ಕಾಯ್ದಷ್ಟು ಬಿಗಿಯಾಗಿ ತಿಳಿಸಿದವರ ಹೆಸರನ್ನೂ ಕಾಯಲಿ.

ನಾನು ಮೇಲೆ ಅರ್ಧ ದಾರಿ ಎಂದೆ. ಉಳಿದ ಅರ್ಧ ಇದು. ತಿಳಿಸುವ ಈ ಕಡ್ಡಾಯ ಇರುವುದು ಲೈಂಗಿಕ ಅಪರಾಧಕ್ಕೆ. ಮಗುವಿಗೆ ಕಾಯಿಸಿದ ಸೌಟಿನಿಂದ ಬರೆ ಹಾಕಿದರೆ? ಉಪವಾಸ ಕೆಡವಿದರೆ? ಶಾಲೆ ಬಿಡಿಸಿ ಧಾಬಾದಲ್ಲಿ ರಾತ್ರಿ ಹನ್ನೆರಡರ ತನಕ ತಾಟು ತೊಳೆಸಿದರೆ? 2015ರ ಬಾಲನ್ಯಾಯ ಕಾಯಿದೆಯ 75ನೆಯ ಕಲಮು ಮಗುವನ್ನು ಹಿಂಸಿಸುವ, ಅಲಕ್ಷಿಸುವ ಪೋಷಕನಿಗೆ ಮೂರು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ದಿಕ್ಕಿಲ್ಲದೆ ಸಿಕ್ಕ ಮಗುವಿನ ಸುದ್ದಿಯನ್ನು 24 ತಾಸಿನೊಳಗೆ ತಿಳಿಸಬೇಕೆಂದು ಅದೇ ಕಾಯಿದೆಯ 32ನೆಯ ಕಲಮು ಹೇಳುತ್ತದೆ. ಆದರೆ ತನ್ನ ಮನೆಯಲ್ಲೇ ಇದ್ದು ಬರೆ ತಿಂದ ಮಗುವಿನ ಬೆನ್ನನ್ನು ಕಂಡ ಮಾಸ್ತರ ತಿಳಿಸಲೇಬೇಕೆಂಬ ನಿಯಮ ಅಷ್ಟೇ ಬಿಗಿಯಾಗಿ ಎಲ್ಲಿಯೂ ಇಲ್ಲ. 2007ರಲ್ಲಿ ಕೇಂದ್ರ ಸರಕಾರವೇ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ವರದಿ ತಂದಿತ್ತು. ನೆರೆಯ ಮಹಾರಾಷ್ಟ್ರವೂ ಅದರಲ್ಲಿತ್ತು. ಮೂವರಲ್ಲಿ ಇಬ್ಬರು ಮಕ್ಕಳು ಹೊಡೆತ ತಿಂದವರು. ಪೆಟ್ಟು ಇಷ್ಟು ಸಾಮಾನ್ಯವಾದ ದೇಶದಲ್ಲಿ ಅದನ್ನು ತಿಳಿಸಲು ಯಾರನ್ನೂ ಬಾಧ್ಯರನ್ನಾಗಿ ಮಾಡದೆ ಬಿಟ್ಟದ್ದು ಮರೆವಿನಿಂದ ಆದದ್ದೆಂದು ನನಗೆ ಅನ್ನಿಸುವುದಿಲ್ಲ. ಹೊಡೆಯುವುದು ಹಿರಿಯರ ಹಕ್ಕೆಂದು ಕಾಯಿದೆ ಮಾಡುವವರೂ ಒಳಗೊಳಗೆ ನಂಬಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಕಬ್ಬಿನ ಹಂಗಾಮು ಬಂದರೆ ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಿಗೆ ಬರುತ್ತವೆ. ಗುಡಿಸಲ ಮುಂದೆ ಆರು ವರ್ಷದ ಹುಡುಗಿ ಒಂದು ವರ್ಷದ ತಮ್ಮನನ್ನು ಎತ್ತಿಕೊಂಡು ಕೂತಿರುತ್ತಾಳೆ, ತಂದೆತಾಯಿ ನಸುಕಿನಲ್ಲೇ ಫಡಕ್ಕೆ ಹೋಗಿರುತ್ತಾರೆ. ಇದನ್ನು ಅಲಕ್ಷ್ಯವೆಂದು ಬರೆದು ಆ ತಾಯಿಯ ಮೇಲೆ ಕೇಸು ಹಾಕಿದರೆ ಅದು ಇನ್ನೊಂದು ಅನ್ಯಾಯ. ಬಡತನವನ್ನೇ ಅಪರಾಧವೆಂದು ಎಣಿಸಿ ಬಡವರ ಮನೆ ಬಾಗಿಲನ್ನಷ್ಟೇ ಬಡಿಯುತ್ತಾರೆಂಬ ದೂರು ಅಮೆರಿಕೆಯಲ್ಲಿಯೂ ಇದೆ. ಅಂಥ ಮಗುವಿನ ಸುದ್ದಿ ಹೋಗಬೇಕಾದದ್ದು ಠಾಣೆಗಲ್ಲ, ಮಕ್ಕಳ ಕಲ್ಯಾಣ ಸಮಿತಿಗೆ, ಹಂಗಾಮಿ ಶಾಲೆ ತೆರೆಯಬೇಕಾದ ಇಲಾಖೆಗೆ, ಮುಂಗಡ ಕೊಟ್ಟು ಕರೆತಂದ ಗುತ್ತಿಗೆದಾರನಿಗೆ ಮತ್ತು ಕಾರ್ಖಾನೆಗೆ. ಹಾಗಾದರೆ ತಿಳಿಸುವುದೇ ಬೇಡವೆ? ಬೇಕು. ತಿಳಿಸಿದ್ದು ಯಾರ ಕೈಗೆ ಹೋಗುತ್ತದೆಂಬುದನ್ನು ಸರಿಪಡಿಸಬೇಕು. ಹಾಗೆಯೇ ಗುಡಿಸಲಿಗೆ ಇರುವ ಕಣ್ಣು ವಾಡೆಗೂ ಇರಬೇಕು. ನನ್ನ ನೌಕರಿಯುದ್ದಕ್ಕೂ ಗೌಡರ ಮನೆಯ ಮಗುವಿನ ಮೈಮೇಲಿನ ಗಾಯವೆಲ್ಲ ಮೆಟ್ಟಿಲಿನಿಂದ ಬಿದ್ದದ್ದೇ ಆಗಿತ್ತು.

ನಾನು ಕೇಳುವುದು ಇಷ್ಟು. ಪ್ರತಿ ಶಾಲೆ, ದವಾಖಾನೆ, ವಸತಿ ನಿಲಯದಲ್ಲಿ ಒಂದು ಪುಸ್ತಕ ಇರಲಿ. ಯಾರೇ ನೌಕರರು ಕಂಡದ್ದನ್ನು ಅದರಲ್ಲಿ ಬರೆದರೆ ಮುಖ್ಯಸ್ಥರು ಅಂದೇ ಸಹಿ ಹಾಕಿ ಮುಂದಕ್ಕೆ ಕಳಿಸಲಿ. ಪುಸ್ತಕ ಬೀಗದಲ್ಲಿರಲಿ, ನಂಬರಿರಲಿ, ಹಾಳೆ ಹರಿಯಲು ಬಾರದಂತಿರಲಿ. ಹೊಡೆತ, ಉಪವಾಸ, ದುಡಿತ ಇವನ್ನೂ ತಿಳಿಸುವುದು ಸಂಬಳ ಪಡೆಯುವವರಿಗೆ ಕಡ್ಡಾಯವಾಗಲಿ. ಬಾಂಡ್ ಪೇಪರಿನ ಮೇಲೆ ಮಗುವಿನ ನೋವಿಗೆ ಬೆಲೆ ಕಟ್ಟುವ ಪಂಚರು ಗೊತ್ತಿದ್ದೂ ತಿಳಿಸದವರೇ ಆದ್ದರಿಂದ, ಅವರನ್ನು ಇದೇ 21ನೆಯ ಕಲಮಿನ ಕೆಳಗೆ ತರಲಿ. ಒಬ್ಬ ಹೆಡ್‌ಮಾಸ್ತರನಿಗೆ, ಒಬ್ಬ ಡಾಕ್ಟರನಿಗೆ, ಒಬ್ಬ ಪಂಚನಿಗೆ ಒಮ್ಮೆ ಆ ಆರು ತಿಂಗಳು ಆದರೆ ಸಾಕು, ಉಳಿದವರಿಗೆ ಖಾತ್ರಿ ಎಂಬ ಶಬ್ದ ತಾನಾಗಿ ಮರೆತುಹೋಗುತ್ತದೆ.

ಇದನ್ನು ಓದುತ್ತಿರುವವರಲ್ಲಿ ಮಾಸ್ತರರಿದ್ದೀರಿ, ಅಕ್ಕೋರಿದ್ದೀರಿ, ದವಾಖಾನೆಯವರಿದ್ದೀರಿ. ನಿಮ್ಮ ಹಾಜರಿ ಪುಸ್ತಕದಲ್ಲಿ, ನಿಮ್ಮ ಓಪಿಡಿ ಚೀಟಿಗಳಲ್ಲಿ ಈ ಹೊತ್ತು ಒಂದು ಹೆಸರು ನಿಮ್ಮ ಮನಸ್ಸಿಗೆ ಬಂದಿರಬಹುದು. ಸಹಾಯವಾಣಿಯ ನಂಬರು 1098. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡು ಬೀಳುವುದಿಲ್ಲ.